ಅಪ್ಪನ ಲೆಕ್ಕದ ಪುಸ್ತಕದಲ್ಲಿ ನನ್ನ ಚಿಕನ್‌ಪಾಕ್ಸ್

ನನ್ನ ಎಡ ತೋಳಿನ ಮೇಲೆ ಒಂದು ಕಲೆ ಇದೆ. ಬಲ ಹುಬ್ಬಿನ ಮೇಲೆ ಒಂದು ಸಣ್ಣ ಗುಳಿ ಇದೆ. ತೋಳಿನದು ಕ್ಷಯದ ಲಸಿಕೆ ಬಿ.ಸಿ.ಜಿ. ಚುಚ್ಚಿದ್ದು, ನನ್ನ ವಯಸ್ಸಿನ ಬಹಳ ಜನರ ತೋಳಿನಲ್ಲಿ ಇರುವಂಥದ್ದೇ. ಹುಬ್ಬಿನದು ಎರಡನೇ ಕ್ಲಾಸಿನಲ್ಲಿದ್ದಾಗ ಕೆರೆದುಕೊಂಡು ಮಾಡಿಕೊಂಡದ್ದು. ಅಮೆರಿಕದ ವೀಸಾಕ್ಕೆ ಮೆಡಿಕಲ್ ಮಾಡಿಸಲು ಹೋದಾಗ ತೋಳಿನ ಕಲೆಯನ್ನು ಯಾರೂ ಕೇಳಲಿಲ್ಲ. ಕೆಲಸಕ್ಕೆ ಬಂದದ್ದು ಹುಬ್ಬಿನ ಗುಳಿ.

ಈಗ ರಜೆಗೆ ಊರಿಗೆ ಬಂದಿದ್ದೇನೆ. ಕೊಡಗಿನ ಶನಿವಾರಸಂತೆಯ ಹತ್ತಿರ ನಮ್ಮ ಮನೆ. ಮೊನ್ನೆ ಸಂಜೆ ಪಕ್ಕದ ತೋಟದವರ ಮಗಳು ಒಂದು ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ಬಂದಳು. ಮದುವೆಯಾಗಿ ವರ್ಷವಾಗಿದೆ, ಗಂಡ ಅಲ್ಲಿದ್ದಾನೆ, ಇವಳ ಪೇಪರು ನಡೆಯುತ್ತಿದೆ. "ಅಣ್ಣಾ, ಚಿಕ್ಕವಳಿದ್ದಾಗ ಹಾಕಿಸಿದ ಇಂಜೆಕ್ಷನ್ ಕಾರ್ಡು ಎಲ್ಲೂ ಸಿಗ್ತಿಲ್ಲ. ವೀಸಾ ಕೊಡಲ್ವಾ?" ಅಂತ ಕೇಳಿದಳು. ಎರಡು ಗಂಟೆ ಕೂರಿಸಿಕೊಂಡು ನನ್ನ ಕತೆ ಹೇಳಿದೆ. ಅಮ್ಮ ಒಳಗಿನಿಂದ ತಿದ್ದುತ್ತಲೇ ಇದ್ದರು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ನರ್ಸ್. ಮೈಸೂರಿನಲ್ಲಿ ಓದಿ, ಕೆಲಸಕ್ಕೆ ಅಂತ ಟೆಕ್ಸಾಸ್‌ಗೆ ಹೋದವಳು. ಅಲ್ಲಿನ ಪೌರತ್ವ ಸಿಕ್ಕ ಮೇಲೆ ನಮ್ಮ ಮದುವೆಯಾಯಿತು. ಹಾಗಾಗಿ ನಮ್ಮ ಮನೆಯಲ್ಲಿ 'ಗಂಡನ ಹಿಂದೆ ಹೋಗುವುದು' ತಿರುಗಾಮುರುಗಾ. ನಾನು ಕಾಫಿ ತೋಟದ ಹುಡುಗ, ಹೆಂಡತಿಯ ಹಿಂದೆ ಹೊರಟವನು. ಊರಿನಲ್ಲಿ ಇದಕ್ಕೆ ಎಷ್ಟು ಮಾತು ಕೇಳಿದೆ ಅನ್ನುವುದು ಬೇರೆಯೇ ಒಂದು ಬ್ಲಾಗ್ ಆಗುತ್ತದೆ, ಬಿಡಿ.

ಅವಳು ಅಲ್ಲಿಂದ ಅರ್ಜಿ ಹಾಕಿದಳು. ಕಾದೆವು. ಇನ್ನೂ ಕಾದೆವು. 2023ರ ಜೂನ್ ಮೊದಲ ವಾರದಲ್ಲಿ ಇಮೇಲ್ ಬಂತು: ಜುಲೈ 21, ಶುಕ್ರವಾರ, ಮುಂಬೈ ದೂತಾವಾಸದಲ್ಲಿ ಸಂದರ್ಶನ. ಅದಕ್ಕೆ ಮೊದಲು ಅವರೇ ಗೊತ್ತು ಮಾಡಿದ ಡಾಕ್ಟರ ಹತ್ತಿರ ಮೆಡಿಕಲ್ ಮುಗಿಸಿರಬೇಕು. ಇಂಥ ಡಾಕ್ಟರಿಗೆ ಪ್ಯಾನೆಲ್ ಫಿಸಿಷಿಯನ್ ಅನ್ನುತ್ತಾರೆ. ನಮ್ಮ ಮನೆ ಡಾಕ್ಟರು ಎಷ್ಟೇ ದೊಡ್ಡವರಾಗಿರಲಿ, ಅವರ ಸರ್ಟಿಫಿಕೇಟ್ ನಡೆಯುವುದಿಲ್ಲ. ನಾನು ಜುಲೈ 14ಕ್ಕೆ ಮುಂಬೈಯಲ್ಲೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ.

ಎಕ್ಸ್‌ರೇ, ರಕ್ತ, ಮೂತ್ರ ಎಲ್ಲ ಅಲ್ಲೇ ಆಗುತ್ತದೆ, ಅದರಲ್ಲಿ ನಾವು ಮಾಡುವುದು ಏನೂ ಇಲ್ಲ. ನಾವು ತಲೆ ಕೆಡಿಸಿಕೊಳ್ಳಬೇಕಾದ್ದು ಲಸಿಕೆಯದು. 1996ರಲ್ಲಿ ಅಲ್ಲಿನ ವಲಸೆ ಕಾನೂನಿಗೆ ಒಂದು ತಿದ್ದುಪಡಿ ತಂದರು. ಖಾಯಂ ಆಗಿ ನೆಲೆಸಲು ಬರುವವರು ಇಂತಿಂಥ ರೋಗಕ್ಕೆ ಲಸಿಕೆ ಹಾಕಿಸಿಕೊಂಡ ದಾಖಲೆ ತೋರಿಸಬೇಕು ಅಂತ. ಪ್ರವಾಸಕ್ಕೆ ಹೋಗುವವರಿಗೆ ಇದಿಲ್ಲ. ಯಾವ ವಯಸ್ಸಿಗೆ ಯಾವುದು ಅನ್ನುವ ಪಟ್ಟಿಯನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿ.ಡಿ.ಸಿ. ಮಾಡುತ್ತದೆ. ಎಲ್ಲವನ್ನೂ ಡಿಎಸ್-3025 ಅನ್ನುವ ಒಂದು ಫಾರಂನಲ್ಲಿ ಪ್ಯಾನೆಲ್ ಡಾಕ್ಟರೇ ತುಂಬುತ್ತಾರೆ.

ಒಂದು ರಾತ್ರಿ ಊಟವಾದ ಮೇಲೆ ಅಡುಗೆಮನೆಯಲ್ಲಿ ಕೂತು ಆ ಪಟ್ಟಿಯನ್ನು ಅಮ್ಮನಿಗೆ ಓದಿ ಹೇಳಿದೆ. ಯಾವುದು ಹಾಕಿಸಿದ್ದೀರಿ, ನೆನಪಿದೆಯಾ ಅಂತ. ಅಮ್ಮ ಅಕ್ಕಿ ಆರಿಸುತ್ತಿದ್ದರು.

"ಟೆಟನಸ್."

"ಧನುರ್ವಾಯು. ಅದು ಬೇಕಾದಷ್ಟು ಸಲ ಆಗಿದೆ."

"ಡಿಫ್ತೀರಿಯಾ."

"ಏನದು?" ಫೋನಿನಲ್ಲಿ ಹುಡುಕಿ ಹೇಳಿದೆ. "ಓ, ಗಂಟಲಮಾರಿ. ನಮ್ಮಜ್ಜಿ ಕಾಲದಲ್ಲಿ ಎಷ್ಟು ಮಕ್ಕಳು ಹೋದವೋ."

"ಪರ್ಟುಸಿಸ್. ನಾಯಿಕೆಮ್ಮು."

"ಮೂರೂ ಸೇರಿಸಿ ಒಂದೇ ಇಂಜೆಕ್ಷನ್. ಆಸ್ಪತ್ರೆ ನರ್ಸಮ್ಮ ಮನೆಗೇ ಬಂದು ಹಾಕ್ತಿದ್ರು. ನೀನು ರಾತ್ರಿಯೆಲ್ಲ ಅತ್ತಿದ್ದೆ."

"ಮೀಸಲ್ಸ್."

"ದಡಾರ. ಅದನ್ನೂ ಹಾಕಿಸಿದ್ದೀನಿ, ಒಂಬತ್ತು ತಿಂಗಳಿಗೆ."

"ಮಂಪ್ಸ್."

"ಮಂಗನಬಾವು. ನಿನಗೆ ಬಂದೇ ಇತ್ತಲ್ಲ. ಎರಡೂ ಕೆನ್ನೆ ಊದಿ, ಅಜ್ಜಿ ಅವರ ಚಿನ್ನದ ಸರ ಬಿಚ್ಚಿ ನಿನ್ನ ಕೊರಳಿಗೆ ಹಾಕಿದ್ರು."

ಅಷ್ಟು ಹೊತ್ತಿಗೆ ಬಂದಿದ್ದ ಚಿಕ್ಕಮ್ಮ ಬಾಗಿಲಲ್ಲೇ ನಿಂತು, "ಮಂಗನ ಕಾಯಿಲೆಗೂ ಕೇಳ್ತಾರಾ? ಅದು ಶಿವಮೊಗ್ಗ ಕಡೇದಲ್ವಾ?" ಅಂದರು. ಅದು ಬೇರೆ ಇದು ಬೇರೆ ಅಂತ ಹೇಳುವಷ್ಟರಲ್ಲಿ ಹತ್ತು ನಿಮಿಷ ಹೋಯಿತು.

"ರುಬೆಲ್ಲಾ" ಅಂದೆ. ಅದಕ್ಕೆ ನಮ್ಮ ಮನೆಯಲ್ಲಿ ಹೆಸರೇ ಇರಲಿಲ್ಲ. "ಹೆಪಟೈಟಿಸ್ ಬಿ" ಅಂದೆ. "ಕಾಮಾಲೆ" ಅಂದರು. ಕೊನೆಗೆ "ವ್ಯಾರಿಸೆಲ್ಲಾ" ಅಂದೆ.

"ಅದ್ಯಾವುದು?"

"ಯಾವುದೋ ಒಂದು. ಅಲ್ಲಿನ ರೋಗ ಇರಬೇಕು" ಅಂದುಬಿಟ್ಟೆ. ಬೇರೆಯದಕ್ಕೆಲ್ಲ ಫೋನಿನಲ್ಲಿ ಅರ್ಥ ಹುಡುಕಿದವನು ಇದಕ್ಕೆ ಹುಡುಕಲಿಲ್ಲ. ನಿದ್ದೆ ಬರುತ್ತಿತ್ತು. ಆ ಒಂದು ಸೋಮಾರಿತನಕ್ಕೆ ಎರಡು ಸಾವಿರದ ಮೇಲೆ ದುಡ್ಡೂ, ಒಂದು ತಿಂಗಳ ನಿದ್ದೆಯೂ ಹೋದವು.

ಮರುದಿನದಿಂದ ಕಾರ್ಡಿನ ಬೇಟೆ. ನಾನು ಹುಟ್ಟಿದ್ದು 1987ರಲ್ಲಿ. ಸರ್ಕಾರ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಶುರು ಮಾಡಿದ್ದು 1985ರಲ್ಲಿ. ಅದು ಹಂತ ಹಂತವಾಗಿ ಜಿಲ್ಲೆಯಿಂದ ಜಿಲ್ಲೆಗೆ ಹೋಗಿ 1990ರ ಹೊತ್ತಿಗೆ ದೇಶವನ್ನೆಲ್ಲ ಮುಟ್ಟಿತು. ಅಂದರೆ ಕಾರ್ಡು ಅನ್ನುವುದೇ ನಮ್ಮ ಕಡೆ ಆಗ ಹೊಸದು. ಅಮ್ಮ ಅದನ್ನು ಜಾತಕದ ಜೊತೆಗೆ ಇಟ್ಟಿದ್ದೆ ಅಂದರು. ಅಟ್ಟದ ಮೇಲಿನ ಕಬ್ಬಿಣದ ಟ್ರಂಕು ಇಳಿಸಿದೆ. ಕೊಡಗಿನ ಮಳೆಯಲ್ಲಿ ಕಾಗದ ಇಡುವುದು ಅಂದರೆ ಏನು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಕನ್ನಡಕದ ಡಬ್ಬಿಗೂ ಬೂಷ್ಟು. ಟ್ರಂಕಿನ ತಳದಲ್ಲಿ ಪತ್ರಗಳು ಒಂದಕ್ಕೊಂದು ಅಂಟಿ ಹಪ್ಪಳದ ಕಟ್ಟಿನ ಹಾಗೆ ಆಗಿದ್ದವು. ಒಂದೊಂದೇ ಬಿಡಿಸಿದೆ. ತೋಟದ ಕಂದಾಯದ ರಸೀದಿ, ಅಜ್ಜನ ರೇಷನ್ ಕಾರ್ಡು, ಅಪ್ಪನ ಲೆಕ್ಕದ ಪುಸ್ತಕಗಳು, ಯಾರದೋ ಮದುವೆ ಕರೆಯೋಲೆ.

ಎರಡನೇ ದಿನ ಕಾರ್ಡು ಸಿಕ್ಕಿತು! ಮಾಸಿದ ದಪ್ಪ ಕಾಗದ. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ನೀಲಿ ಶಾಯಿಯಲ್ಲಿ ಬಿ.ಸಿ.ಜಿ., ಪೋಲಿಯೋ ಹನಿ, ಅಮ್ಮ ಹೇಳಿದ ಆ ಮೂರೂ ಸೇರಿದ ಡಿ.ಪಿ.ಟಿ., ದಡಾರ ಎಲ್ಲಕ್ಕೂ ತಾರೀಕು. ಹೆಂಡತಿಗೆ ಫೋಟೋ ಕಳಿಸಿದೆ. ಗೆದ್ದೆ ಅಂತ ಕೂತಿದ್ದೆ.

ಅಲ್ಲಿ ಬೆಳಗಾದ ಮೇಲೆ ಅವಳ ಉತ್ತರ ಬಂತು. "ರೀ, ಕಾರ್ಡು ಚೆನ್ನಾಗಿದೆ. ಫ್ರೇಮ್ ಹಾಕಿಸಿ ಇಡಿ."

ಯಾಕೆ ಅಂದರೆ ಹೀಗೆ. ಬಿ.ಸಿ.ಜಿ. ಅವರ ಪಟ್ಟಿಯಲ್ಲೇ ಇಲ್ಲ. ಪೋಲಿಯೋ ನನ್ನ ವಯಸ್ಸಿನವರನ್ನು ಆಗ ಕೇಳುತ್ತಿರಲಿಲ್ಲ. ಡಿ.ಪಿ.ಟಿ. ಚಿಕ್ಕಂದಿನದು ಲೆಕ್ಕಕ್ಕೆ ಬಂದರೂ, ದೊಡ್ಡವರಾದ ಮೇಲೆ ಬೂಸ್ಟರ್ ಬೇಕೇ ಬೇಕು. ದಡಾರದ್ದು ಇದೆಯಲ್ಲ ಅಂದರೆ, ನಮ್ಮಲ್ಲಿ ಅದನ್ನು ಒಂಬತ್ತು ತಿಂಗಳಿಗೆ ಹಾಕುತ್ತಾರೆ. ಅಮೆರಿಕದವರು ಮೊದಲ ಹುಟ್ಟುಹಬ್ಬ ಕಳೆದ ಮೇಲೆ ಹಾಕಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮವರು ಬೇಗ ಹಾಕುವುದಕ್ಕೂ ಕಾರಣವಿದೆ. ಇಲ್ಲಿ ದಡಾರ ಚಿಕ್ಕ ಕೂಸುಗಳಿಗೇ ಬರುತ್ತಿತ್ತು, ಒಂದು ವರ್ಷ ಕಾಯುವ ಹಾಗಿರಲಿಲ್ಲ. ಇಬ್ಬರದೂ ಸರಿಯೇ. ನಡುವೆ ಸಿಕ್ಕಿಹಾಕಿಕೊಂಡವನು ನಾನು. ಮಂಗನಬಾವಿನ ಲಸಿಕೆಯಂತೂ ಸರ್ಕಾರಿ ಪಟ್ಟಿಯಲ್ಲಿ ಇವತ್ತಿಗೂ ಇಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಶಾಲೆ ಮಕ್ಕಳಿಗೆಲ್ಲ ಹಾಕಿದ್ದು ದಡಾರ ಮತ್ತು ರುಬೆಲ್ಲಾ ಎರಡರದ್ದು ಮಾತ್ರ.

ಮತ್ತೆ ಆ ಟಿ.ಟಿ. ಇಂಜೆಕ್ಷನ್. ತೋಟದಲ್ಲಿ ಬೆಳೆದವರಿಗೆ ಅದು ಕಾಫಿ ಕುಡಿದಷ್ಟು ಸಲೀಸು. ನೆರಳಿನ ಮರದ ಕೊಂಬೆ ಕಡಿದು ಮರಗಸಿ ಮಾಡುವಾಗ ಕತ್ತಿ ತಾಗಿತು, ಟಿ.ಟಿ. ಬೇಲಿ ತಂತಿ ಗೀರಿತು, ಟಿ.ಟಿ. ಎಷ್ಟು ಸಲ ಹಾಕಿಸಿದ್ದೇನೋ ಲೆಕ್ಕವಿಲ್ಲ. ಆದರೆ ಟಿ.ಟಿ.ಯಲ್ಲಿ ಧನುರ್ವಾಯುವಿಗೆ ಮಾತ್ರ ರಕ್ಷಣೆ, ಗಂಟಲಮಾರಿಗೆ ಇಲ್ಲ. ಅವರಿಗೆ ಬೇಕಾದ್ದು ಟಿಡ್ಯಾಪ್, ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ಮೂರೂ ಸೇರಿದ್ದು. ಮೇಲಾಗಿ ನಮ್ಮ ಟಿ.ಟಿ.ಗೆ ಚೀಟಿ ಎಲ್ಲಿದೆ? ಚೀಟಿ ಇಲ್ಲದ ಇಂಜೆಕ್ಷನ್ ಹಾಕಿಸಿದ್ದೇ ಅಲ್ಲ. 'ಹಾಕಿಸಿಕೊಂಡಿದ್ದೇನೆ ಡಾಕ್ಟ್ರೇ' ಅಂತ ಬಾಯಿಮಾತಿನಲ್ಲಿ ಹೇಳಿದರೆ ಒಪ್ಪುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೊಂದರೆ ಕೊಡದೆ ಇದ್ದದ್ದು ಒಂದೇ, ಕೋವಿಡ್ ಸರ್ಟಿಫಿಕೇಟು. 2021ರಲ್ಲಿ ಎರಡು ಡೋಸ್ ಕೋವಿಶೀಲ್ಡ್ ಹಾಕಿಸಿದ್ದು, ಪ್ರಧಾನಿಯವರ ಫೋಟೋ ಸಮೇತ ಫೋನಿನಲ್ಲೇ ಇತ್ತು. ಈಗ ಹೋಗುವವರಿಗೆ ಅದು ಬೇಡ. 2021ರ ಅಕ್ಟೋಬರ್‌ನಲ್ಲಿ ಪಟ್ಟಿಗೆ ಸೇರಿಸಿದ್ದನ್ನು 2025ರ ಜನವರಿಯಲ್ಲಿ ತೆಗೆದುಹಾಕಿದರು.

ಹೆಂಡತಿ ಒಂದು ಮಾತು ಸ್ಪಷ್ಟವಾಗಿ ಹೇಳಿದ್ದಳು. "ಎಲ್ಲಾ ಒಂದೇ ದಿನ ಹಾಕಿಸ್ಕೊಳ್ಳಿ. ಎಂ.ಎಂ.ಆರ್. ಮತ್ತೆ ವ್ಯಾರಿಸೆಲ್ಲಾ ಎರಡನ್ನೂ ಒಂದೇ ದಿನ. ಇಲ್ಲಾಂದ್ರೆ ಇಪ್ಪತ್ತೆಂಟು ದಿನ ಬಿಟ್ಟು." ಎಂ.ಎಂ.ಆರ್. ಅಂದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಒಂದೇ ಲಸಿಕೆ. ನಾನು ಹೂಂ ಅಂದೆ. ಫೋನಿನಲ್ಲಿ ಹೂಂ ಅನ್ನುವುದು ಗಂಡಸರಿಗೆ ಸುಲಭ.

ಜೂನ್ 14ಕ್ಕೆ ಮಡಿಕೇರಿಗೆ ಹೋದೆ. ಸೋಮವಾರಪೇಟೆಯಿಂದ ಮಾದಾಪುರದ ಮೇಲಿನ ಬಸ್ಸು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದ ದಾರಿ ಅದು. ಈಗಲೂ ಆ ತಿರುವುಗಳಲ್ಲಿ ಬಸ್ಸಿನಲ್ಲಿದ್ದವರು ಮಾತು ನಿಲ್ಲಿಸಿ ಕಿಟಕಿಯ ಹೊರಗೆ ನೋಡುತ್ತಾರೆ. ಅಲ್ಲೊಂದು ಆಸ್ಪತ್ರೆಯಲ್ಲಿ ಟಿಡ್ಯಾಪ್, ಹೆಪಟೈಟಿಸ್ ಬಿ ಮೊದಲ ಡೋಸ್, ಎಂ.ಎಂ.ಆರ್. ಮೂರೂ ಸಿಕ್ಕವು. ವ್ಯಾರಿಸೆಲ್ಲಾ ಇರಲಿಲ್ಲ. ದೊಡ್ಡವರು ಯಾರೂ ಕೇಳುವುದಿಲ್ಲ, ತರಿಸಿ ಇಟ್ಟರೆ ಹಾಳಾಗುತ್ತದೆ ಅಂದರು. ಎರಡರಿಂದ ಎಂಟು ಡಿಗ್ರಿಯ ಒಳಗೇ ಇರಬೇಕಂತೆ. ಆ ವರ್ಷ ಮಳೆ ತಡವಾಗಿತ್ತು, ಆದರೂ ಒಂದು ಜೋರು ಗಾಳಿ ಬೀಸಿದರೆ ನಮ್ಮಲ್ಲಿ ಕರೆಂಟು ಹೋಗುತ್ತದೆ. ಅವರು ಹೇಳಿದ್ದು ನ್ಯಾಯವೇ.

ಚೀಟಿಯನ್ನು ಮಾತ್ರ ಬಹಳ ಚೆನ್ನಾಗಿ ಬರೆದುಕೊಟ್ಟರು. ಲಸಿಕೆಯ ಬಾಟಲಿ ಮೇಲಿನ ಸ್ಟಿಕ್ಕರ್ ಕಿತ್ತು ಅಂಟಿಸಿ, ಬ್ಯಾಚ್ ನಂಬರು, ತಾರೀಕು, ಸಹಿ, ಸೀಲು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ಬರೆಸಿಕೊಳ್ಳಿ. ಊರಿನಲ್ಲಿ ಕರೆಯುವ ಹೆಸರು ಬರೆದುಬಿಟ್ಟರೆ ಮತ್ತೆ ತಿರುಗಬೇಕಾಗುತ್ತದೆ.

ಆಮೇಲೆ ಕುಶಾಲನಗರದ ಒಂದು ಕ್ಲಿನಿಕ್ಕಿಗೆ ಫೋನು ಮಾಡಿದೆ. ಮೈಸೂರಿನಿಂದ ತರಿಸಿಕೊಡುತ್ತೇವೆ, ದುಡ್ಡು ಮೊದಲೇ ಹಾಕಿ ಅಂದರು. ಜೂನ್ 23ಕ್ಕೆ ಬಂತು. ಥರ್ಮೋಕೋಲ್ ಡಬ್ಬಿ, ಒಳಗೆ ಐಸ್ ಪ್ಯಾಕು, ಅದರ ನಡುವೆ ಹೆಬ್ಬೆರಳಿಗಿಂತ ಚಿಕ್ಕ ಬಾಟಲಿ. ತಳದಲ್ಲಿ ಉಪ್ಪಿನ ಹರಳಿನ ಹಾಗೆ ಸ್ವಲ್ಪ ಬಿಳಿ ಪುಡಿ. ನೀರು ಬೆರೆಸಿದ ತಕ್ಷಣ ಕರಗಿತು. ಒಂಬತ್ತು ದಿನದ ಹಿಂದೆ ಎಂ.ಎಂ.ಆರ್. ಆಗಿದೆ ಅಂತ ನಾನು ಹೇಳಿದೆ. ಹೇಳಲಿಲ್ಲ ಅಂತಲ್ಲ. "ಬೇರೆ ಬೇರೆ ದಿನ ಆದ್ರೆ ಒಳ್ಳೇದೇ ಸಾರ್, ಜ್ವರ ಬರಲ್ಲ" ಅಂದರು. ಹೌದಲ್ವಾ ಅಂತ ನನಗೂ ಅನ್ನಿಸಿತು. ತೋಳು ಚಾಚಿದೆ.

ಸಂಜೆ ಚೀಟಿಯ ಫೋಟೋ ಕಳಿಸಿದೆ. ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದವಳು ನಿದ್ದೆ ಮಾಡದೆ ವಿಡಿಯೋ ಕಾಲ್ ಮಾಡಿದಳು. ಯೂನಿಫಾರ್ಮಿನಲ್ಲೇ ಇದ್ದಳು. ಒಂದು ನಿಮಿಷ ಮಾತೇ ಆಡಲಿಲ್ಲ. ಆ ಒಂದು ನಿಮಿಷ ನನಗೆ ಚೆನ್ನಾಗಿ ನೆನಪಿದೆ.

"ರೀ, ಎರಡೂ ಜೀವಂತ ಲಸಿಕೆ. ಎಷ್ಟು ಸಲ ಹೇಳಿದ್ದೆ?"

ಆಮೇಲೆ ಸಮಾಧಾನ ಮಾಡಿಕೊಂಡು ನನಗೆ ಅರ್ಥವಾಗುವ ಹಾಗೆ ಹೇಳಿದಳು. ಈ ಲಸಿಕೆಗಳಲ್ಲಿ ಇರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್ಸು. ಅದು ಮೈಯೊಳಗೆ ಸ್ವಲ್ಪ ಬೆಳೆಯಬೇಕು, ಆಗಲೇ ದೇಹ ಅದನ್ನು ಗುರುತು ಹಿಡಿಯುತ್ತದೆ. "ನಮ್ಮನೆ ನಾಯಿ ಇದೆಯಲ್ಲ, ಇಬ್ಬರು ನೆಂಟರು ಒಟ್ಟಿಗೆ ಬಂದ್ರೆ ಇಬ್ರೂ ಒಳಗೆ ಬಂದುಬಿಡ್ತಾರೆ. ಒಬ್ಬರು ಬಂದು ನಾಯಿ ಎದ್ದು ಬೊಗಳೋಕೆ ಶುರು ಮಾಡಿದ ಮೇಲೆ ಇನ್ನೊಬ್ಬರು ಬಂದ್ರೆ? ಗೇಟಲ್ಲೇ ಹಿಡಿಯುತ್ತೆ. ನಾಯಿ ಮಲಗೋ ತನಕ ಕಾಯ್ಬೇಕು. ಅದಕ್ಕೇ ಇಪ್ಪತ್ತೆಂಟು ದಿನ." ನಡುವೆ ಹಾಕಿದ ಎರಡನೆಯದನ್ನು ಡೋಸ್ ಅಂತ ಲೆಕ್ಕ ಹಿಡಿಯುವುದಿಲ್ಲ. ಮತ್ತೆ ಹಾಕಿಸಬೇಕು, ಅದೂ ಆ ವ್ಯರ್ಥವಾದ ಡೋಸಿನಿಂದ ಇಪ್ಪತ್ತೆಂಟು ದಿನ ಬಿಟ್ಟು.

ಕ್ಯಾಲೆಂಡರು ತೆಗೆದು ಎಣಿಸಿದೆ. ಜೂನ್ 23ಕ್ಕೆ ಇಪ್ಪತ್ತೆಂಟು ಸೇರಿಸಿದರೆ ಜುಲೈ 21. ಸಂದರ್ಶನದ ದಿನ!

ಸುಮ್ಮನೆ ಬಿಟ್ಟಿದ್ದರೆ, ಜುಲೈ 12ಕ್ಕೇ ಎಂ.ಎಂ.ಆರ್. ಆಗಿ ಇಪ್ಪತ್ತೆಂಟು ದಿನ ತುಂಬುತ್ತಿತ್ತು. 14ಕ್ಕೆ ಮುಂಬೈಯಲ್ಲಿ ಪ್ಯಾನೆಲ್ ಡಾಕ್ಟರೇ ಹಾಕುತ್ತಿದ್ದರು. ಅವರಲ್ಲಿ ಲಸಿಕೆ ಇರುತ್ತದೆ. ನಾನು ಓಡಾಡಿ, ದುಡ್ಡು ಕೊಟ್ಟು, ಕಷ್ಟಪಟ್ಟು ಕೆಲಸ ಕೆಡಿಸಿಕೊಂಡಿದ್ದೆ.

ಎರಡು ದಿನ ಮನೆಯಲ್ಲಿ ನನ್ನ ಮುಖ ನೋಡಿ ಅಮ್ಮನಿಗೆ ತಡೆಯಲಿಲ್ಲ. "ಏನಾಯ್ತೋ?" ಅಂದರು. ವ್ಯಾರಿಸೆಲ್ಲಾ ಅನ್ನುವ ಇಂಜೆಕ್ಷನ್ ತಪ್ಪು ದಿನ ಹಾಕಿಸಿಕೊಂಡೆ ಅಂದೆ.

"ಅದು ಯಾವ ರೋಗಕ್ಕೆ, ಅದನ್ನಾದ್ರೂ ಕೇಳ್ದಾ?"

"ಚಿಕನ್‌ಪಾಕ್ಸ್ ಅಮ್ಮ."

"ಅಂದ್ರೆ?"

"ಅಮ್ಮ. ಅಮ್ಮ ಆಗೋದು."

ಅಮ್ಮ ನನ್ನ ಮುಖವನ್ನೇ ನೋಡಿದರು. ಆಮೇಲೆ ಕೈ ಚಾಚಿ ನನ್ನ ಹುಬ್ಬಿನ ಮೇಲೆ ಬೆರಳಿಟ್ಟರು. "ಇದೇನು ಹಾಗಾದ್ರೆ?"

ನನಗೆ ಅದು ಮರೆತಿತ್ತು ಅಂತಲ್ಲ. ಅಮ್ಮ ಆಗಿದ್ದು ನೆನಪಿತ್ತು. ವ್ಯಾರಿಸೆಲ್ಲಾ ಎಂಬ ಪದವೂ ಗೊತ್ತಾಗಿತ್ತು. ಎರಡೂ ತಲೆಯ ಬೇರೆ ಬೇರೆ ಕೋಣೆಯಲ್ಲಿ ಇದ್ದವು, ನಡುವಿನ ಬಾಗಿಲು ತೆರೆದಿರಲಿಲ್ಲ. ಒಂದು ಡಾಕ್ಟರ ಕಾಗದದ ಮಾತು, ಇನ್ನೊಂದು ಬೇವಿನ ಸೊಪ್ಪಿನ ವಾಸನೆ.

ಹಿತ್ತಲ ಕಡೆಯ ಕೋಣೆಯಲ್ಲಿ ಹಳೇ ಪಂಚೆ ಹಾಸಿ ಮಲಗಿಸಿದ್ದರು. ಸುತ್ತಲೂ ಬೇವಿನ ಸೊಪ್ಪು. ಕೆರೆಯಬಾರದು ಅಂತ ಕೈಗೆ ಒಂದು ಬೇವಿನ ಕಡ್ಡಿ ಕೊಟ್ಟು, ಅದರಲ್ಲೇ ಸವರಿಕೊ ಅಂದಿದ್ದರು. ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಘಾಟಿಗೆ ಮಾರಮ್ಮನಿಗೆ ಸಿಟ್ಟು ಬರುತ್ತದೆ. ದಿನವೂ ಮೊಸರನ್ನ, ರಾಗಿ ಅಂಬಲಿ. ಏಳನೇ ದಿನ ಬೇವಿನ ಸೊಪ್ಪು, ಅರಿಸಿನ ಹಾಕಿ ಕಾಯಿಸಿದ ನೀರಿನ ಸ್ನಾನ. ಮಾರಿಗುಡಿಗೆ ಹೋಗಿ ಮೊಸರನ್ನದ ಎಡೆ ಇಟ್ಟು ಬಂದರು. ಹುಬ್ಬಿನ ಮೇಲಿನ ಒಂದನ್ನು ಮಾತ್ರ ನಾನು ಯಾರೂ ಇಲ್ಲದಾಗ ಉಗುರಲ್ಲಿ ಎಬ್ಬಿಸಿದ್ದೆ.

ಹೆಂಡತಿಗೆ ಫೋನು ಮಾಡಿ ಹೇಳಿದೆ. ಆ ಕಡೆ ನಗು. ಆಮೇಲೆ ಅವಳು ಹೇಳಿದ್ದು ಕೇಳಿ ನಾನು ಕೂತಲ್ಲಿಂದ ಎದ್ದುಬಿಟ್ಟೆ. ಚಿಕನ್‌ಪಾಕ್ಸ್ ಬಂದು ಹೋದವರಿಗೆ ಲಸಿಕೆ ಬೇಡವೇ ಬೇಡ. ಮತ್ತೆ, ಬಂದಿತ್ತು ಅನ್ನುವುದಕ್ಕೆ ಕಾಗದವೂ ಬೇಕಾಗಿಲ್ಲ. ನಂಬುವ ಹಾಗೆ ಬಾಯಲ್ಲಿ ಹೇಳಿದರೆ ಡಾಕ್ಟರು ಒಪ್ಪಬಹುದು, ನಿಯಮದಲ್ಲೇ ಹಾಗಿದೆ.

ಮೇಲೆ ನೆನಪಿಟ್ಟುಕೊಳ್ಳಿ ಅಂದೆನಲ್ಲ. ಲಸಿಕೆಯ ವಿಷಯದಲ್ಲಿ ಬಾಯಿಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಮಂಗನಬಾವು ಬಂದಿತ್ತು, ಅಜ್ಜಿ ಸರ ಹಾಕಿದ್ದರು ಅಂದರೂ ನಡೆಯುವುದಿಲ್ಲ. ದಡಾರಕ್ಕೂ ಹಾಗೇ. ಅದಕ್ಕೆ ರಕ್ತ ಪರೀಕ್ಷೆಯಲ್ಲಿ ಪ್ರತಿಕಾಯ ಇದೆ ಅಂತ ತೋರಿಸಬೇಕು, ಇಲ್ಲ ಲಸಿಕೆ ಹಾಕಿಸಬೇಕು. ಅಮ್ಮ ಆಗಿದ್ದಕ್ಕೆ ಮಾತ್ರ ಮಾತು ಸಾಕು. ಯಾಕೆ ಅಂತ ನನ್ನ ಹೆಂಡತಿಯನ್ನು ಕೇಳಿದೆ. ಆ ಗುಳ್ಳೆಗಳನ್ನು ಒಮ್ಮೆ ನೋಡಿದವರು ಬೇರೆ ಯಾವುದೋ ಅಂತ ಅಂದುಕೊಳ್ಳುವುದು ಕಡಿಮೆ, ಕೆನ್ನೆ ಊತಕ್ಕೆ, ಮೈಮೇಲಿನ ಗಂದೆಗೆ ಬೇರೆ ಕಾರಣಗಳೂ ಇರುತ್ತವೆ ಅಂದಳು.

"ಅತ್ತೆಯವರನ್ನ ಕೇಳಿ, ಯಾವ ವರ್ಷ ಅಂತ. ಡಾಕ್ಟರು ಕೇಳಿದ್ರೆ ತಡವರಿಸಬೇಡಿ" ಅಂದಳು.

ಅಮ್ಮನಿಗೆ ವರ್ಷ ಹೇಳಲು ಕ್ಯಾಲೆಂಡರ್ ಬೇಡ. "ಬ್ರೆಜಿಲ್‌ನಲ್ಲಿ ಹಿಮ ಬಿದ್ದು ನಮ್ಮ ಕಾಫಿಗೆ ಬೆಲೆ ಬಂತಲ್ಲ, ಆ ಸಲದ ಕುಯ್ಲಿನಲ್ಲಿ." 1994ರಲ್ಲಿ ಅಲ್ಲಿನ ತೋಟಗಳಿಗೆ ಹಿಮ ಹೊಡೆದು ಜಗತ್ತಿನ ಕಾಫಿ ಬೆಲೆಯೇ ಏರಿತ್ತು. ಕೊಡಗಿನಲ್ಲಿ ಎಷ್ಟು ಮನೆಗೆ ಆಗ ಹೆಂಚು ಬಂತು, ಎಷ್ಟು ಅಂಗಳಕ್ಕೆ ಜೀಪು ಬಂತು ಅಂತ ಹಳಬರನ್ನು ಕೇಳಿ. ಅಂಥ ವರ್ಷದಲ್ಲಿ, ಹಣ್ಣು ಕೆಂಪಗೆ ತೂಗುತ್ತಿರುವಾಗ, ನಮ್ಮ ಮನೆಯಲ್ಲಿ ಮಗನಿಗೆ ಅಮ್ಮ. ಸುದ್ದಿ ಹರಡಿ ಆಳುಗಳು ತೋಟಕ್ಕೆ ಕಾಲಿಡಲಿಲ್ಲ. ಅವರದ್ದೂ ತಪ್ಪಲ್ಲ, ಅವರ ಮನೆಯಲ್ಲೂ ಮಕ್ಕಳಿದ್ದವು. ಹತ್ತು ಹನ್ನೆರಡು ದಿನ ಕುಯ್ಲು ನಿಂತಿತು. ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರಿತು. "ನಿಮ್ಮಪ್ಪ ರಾತ್ರಿ ನಿನ್ನ ಹಣೆ ಮುಟ್ಟಿ ನೋಡೋರು, ಬೆಳಿಗ್ಗೆ ಎದ್ದು ತೋಟಕ್ಕೆ ಹೋಗಿ ನೆಲ ನೋಡೋರು" ಅಂದರು ಅಮ್ಮ.

ಆಗ ಟ್ರಂಕಿನಲ್ಲಿದ್ದ ಲೆಕ್ಕದ ಪುಸ್ತಕಗಳು ನೆನಪಾದವು. ಅಪ್ಪ ಹೋಗಿ ಹತ್ತು ವರ್ಷ ಮೇಲಾಯಿತು. ದಿನದ ಲೆಕ್ಕ ಬರೆಯುವುದನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ಇಷ್ಟು ಆಳು, ಇಷ್ಟು ಮೂಟೆ, ಇಷ್ಟು ಕೂಲಿ. 94-95ರ ಪುಸ್ತಕ ಹುಡುಕಿ ಜನವರಿಯ ಹಾಳೆ ತೆರೆದೆ. ಸಾಲು ಸಾಲಾಗಿ ಸಂಖ್ಯೆಗಳು. ಒಂದು ಕಡೆ ಸಂಖ್ಯೆ ನಿಂತುಹೋಗಿತ್ತು. ಅಲ್ಲಿ ಹೀಗೆ ಬರೆದಿದ್ದರು: "ಮಗುವಿಗೆ ಅಮ್ಮ. ಆಳು ಇಲ್ಲ." ಮರುದಿನದ ಸಾಲಿನಲ್ಲಿ "ಆಳು ಇಲ್ಲ." ಅದರ ಮರುದಿನವೂ "ಆಳು ಇಲ್ಲ." ಹನ್ನೊಂದು ಸಾಲು ಹಾಗೇ. ಹನ್ನೆರಡನೆಯದರಲ್ಲಿ "ಮಗು ಗುಣ. ಆಳು 4."

ಸ್ವಲ್ಪ ಹೊತ್ತು ಅಟ್ಟದ ಮೇಲೇ ಕೂತಿದ್ದೆ.

ಆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಮುಂಬೈಗೆ ತೆಗೆದುಕೊಂಡು ಹೋದೆ. ಹೆಂಡತಿ ಬೇಡ ಅಂದಳು, ಕೇಳಲಿಲ್ಲ. ಒಂದು ಸಲ ಅವಳ ಮಾತು ಕೇಳದೆ ಅನುಭವಿಸಿದ ಮೇಲೂ!

ಮೆಡಿಕಲ್ ಅರ್ಧ ದಿನದ ಕೆಲಸ. ಪಾಸ್‌ಪೋರ್ಟು, ಸಂದರ್ಶನದ ಪತ್ರ, ಫೋಟೋ, ಲಸಿಕೆ ಚೀಟಿಗಳು. ರಕ್ತ ಕೊಟ್ಟೆ, ಎಕ್ಸ್‌ರೇಗೆ ಉಸಿರು ಹಿಡಿದು ನಿಂತೆ. ಕ್ಷಯ ಇದೆಯಾ ಅಂತ ನೋಡಲು ಅದು. ಬೆಳಿಗ್ಗೆಯಿಂದ ಕೂತಿದ್ದವರಲ್ಲಿ ಗುಜರಾತಿನವರು ಜಾಸ್ತಿ. ಒಬ್ಬರು ಅಜ್ಜಿ ಮೊಮ್ಮಗನ ಕಾರ್ಡು, ಸೊಸೆಯ ಕಾರ್ಡು ಎಲ್ಲ ಒಂದೇ ಸ್ಟೀಲ್ ಡಬ್ಬಿಯಲ್ಲಿ ತಂದಿದ್ದರು. ಒಳ್ಳೆಯ ಉಪಾಯ, ಗೆದ್ದಲು ತಿನ್ನುವುದಿಲ್ಲ.

ಡಾಕ್ಟರು ವಯಸ್ಸಾದವರು. ಚೀಟಿಗಳನ್ನು ಒಂದೊಂದೇ ನೋಡಿ ಫಾರಂನಲ್ಲಿ ತಾರೀಕು ಬರೆದುಕೊಂಡರು. ವ್ಯಾರಿಸೆಲ್ಲಾ ಚೀಟಿ ನೋಡಿ ಕನ್ನಡಕ ಎತ್ತಿದರು. ಎಂ.ಎಂ.ಆರ್. ಚೀಟಿಯ ಪಕ್ಕ ಇಟ್ಟರು. ಒಂಬತ್ತು ದಿನ ಅಂತ ಬೆರಳಲ್ಲೇ ಎಣಿಸಿದರು.

ನಾನು ಅವರು ಕೇಳುವುದಕ್ಕೂ ಮೊದಲೇ ಶುರು ಮಾಡಿದೆ. ಏಳನೇ ವರ್ಷದಲ್ಲಿ ಚಿಕನ್‌ಪಾಕ್ಸ್ ಬಂದಿತ್ತು, 1995 ಜನವರಿ, ಎರಡನೇ ಕ್ಲಾಸು, ಹನ್ನೊಂದು ದಿನ ಮಲಗಿದ್ದೆ. ಹರಕು ಹಿಂದಿಯಲ್ಲಿ. ಅವರು ನನ್ನ ಹುಬ್ಬು ನೋಡಿ, "ಇದು ಅದರದ್ದಾ?" ಅಂದರು. ಹೌದು ಅಂದೆ. ಫಾರಂನಲ್ಲಿ ಏನೋ ಗುರುತು ಹಾಕಿದರು. ಮುಗಿಯಿತು.

ನಾನು ಚೀಲದಲ್ಲಿ ಕೈ ಹಾಕಿ ಪುಸ್ತಕ ಹೊರಗೆ ತೆಗೆದಿದ್ದೆ. "ಅದೇನು?" ಅಂದರು. ತಂದೆಯವರ ಲೆಕ್ಕದ ಪುಸ್ತಕ, ಅದರಲ್ಲಿ ಬರೆದಿದ್ದಾರೆ ಅಂದೆ. ಅವರಿಗೆ ಕನ್ನಡ ಬರುವುದಿಲ್ಲ. ಆದರೂ ಹಾಳೆ ತಿರುಗಿಸಿ, ಆ ಖಾಲಿ ಬಿದ್ದ ಸಾಲುಗಳ ಮೇಲೆ ಒಂದು ಕ್ಷಣ ಕಣ್ಣಾಡಿಸಿ ವಾಪಸು ಕೊಟ್ಟರು. "ಬೇಕಾಗಿರಲಿಲ್ಲ" ಅಂದರು. ಚಿಕನ್‌ಪಾಕ್ಸ್ ಬಂದಿರದೇ ಇದ್ದರೂ ವೀಸಾ ನಿಲ್ಲುತ್ತಿರಲಿಲ್ಲವಂತೆ. ಡೋಸುಗಳ ನಡುವೆ ಅಂತರ ಸಾಲದು ಅಂತ ಬರೆಯಲು ಆ ಫಾರಂನಲ್ಲೇ ಒಂದು ಜಾಗ ಇದೆ. ಗರ್ಭಿಣಿಯರಿಗೆ ಈ ಜೀವಂತ ಲಸಿಕೆ ಕೊಡುವುದಿಲ್ಲ, ಅವರಿಗೂ ಅದೇ ರೀತಿ ಒಂದು ಜಾಗ. ಮೂರು ಡೋಸಿನ ಲಸಿಕೆಯಾದರೆ ಮೂರನ್ನೂ ಮುಗಿಸಿರಬೇಕು ಅಂತಿಲ್ಲ, ಆ ಹೊತ್ತಿಗೆ ಕೊಡಬಹುದಾದ ಡೋಸ್ ಆಗಿದ್ದರೆ ಸಾಕು. ನನ್ನ ಹೆಪಟೈಟಿಸ್ ಬಿ ಎರಡನೆಯದನ್ನು ಅಲ್ಲೇ ಹಾಕಿದರು, ಮೂರನೆಯದು ಟೆಕ್ಸಾಸಿನಲ್ಲಿ ಆಯಿತು.

ಪಕ್ಕದ ತೋಟದ ಹುಡುಗಿಗೆ ನಾನು ಹೇಳಿದ್ದು ಇಷ್ಟು. ಕಾರ್ಡು ಸಿಗದಿದ್ದರೆ ಅಳಬೇಡ. ಹುಡುಕಲು ಎರಡು ದಿನ ಕೊಡು, ಮೂರನೇ ದಿನ ಬಿಟ್ಟುಬಿಡು. ಆರು ತಿಂಗಳು ಮುಂಚೆಯೇ ಶುರು ಮಾಡುವ ಹಾಗಿದ್ದರೆ ಊರಲ್ಲಿ ಹಾಕಿಸಿಕೊ, ಪತ್ರ ಬಂದ ಮೇಲಾದರೆ ಸುಮ್ನೆ ಪ್ಯಾನೆಲ್ ಡಾಕ್ಟರ ಹತ್ತಿರವೇ ಒಂದೇ ದಿನ ಎಲ್ಲ ಚುಚ್ಚಿಸಿಕೊ. ದುಡ್ಡು ಸ್ವಲ್ಪ ಜಾಸ್ತಿ, ಎರಡು ದಿನ ತೋಳು ಎತ್ತಲಾಗುವುದಿಲ್ಲ, ಅಷ್ಟೇ. ಮೆಡಿಕಲ್ ಸಾಮಾನ್ಯವಾಗಿ ಆರು ತಿಂಗಳಿಗೆ ಮಾತ್ರ, ವೀಸಾದ ಅವಧಿಯೂ ಅದನ್ನೇ ಹಿಡಿದುಕೊಂಡು ಹೋಗುತ್ತದೆ. ಹಾಗಾಗಿ ತೀರಾ ಬೇಗ ಮಾಡಿಸಿ ಕೂರಬೇಡ.

"ಅಮ್ಮ ಆಗಿತ್ತಾ ನಿನಗೆ?" ಅಂತ ಕೇಳಿದೆ.

"ಗೊತ್ತಿಲ್ಲ ಅಣ್ಣಾ."

"ಆಗಿತ್ತು" ಅಂದರು ನಮ್ಮಮ್ಮ ಒಳಗಿನಿಂದ. "ಇವಳಿಗೆ ಮೂರು ವರ್ಷ. ನಮ್ಮ ಮೆಣಸಿನ ಬಳ್ಳಿಗೆ ರೋಗ ಬಂದ ವರ್ಷ. ಬೇವಿನ ಸೊಪ್ಪು ನಮ್ಮನೆಯಿಂದಲೇ ಕೊಟ್ಟಿದ್ದು."

ಅವಳು ಫೈಲಿನಿಂದ ಪೆನ್ನು ತೆಗೆದು ಬರೆದುಕೊಂಡಳು.

ಮುಂಬೈಯಿಂದ ನಾನು ಅವತ್ತು ಸಂಜೆ ಮನೆಗೆ ಫೋನು ಮಾಡಿದ್ದೆ. ವೀಸಾ ಆಗುತ್ತದಾ, ಎಕ್ಸ್‌ರೇ ಸರಿ ಇದೆಯಾ, ಊಟ ಆಯಿತಾ, ಯಾವುದನ್ನೂ ಅಮ್ಮ ಮೊದಲು ಕೇಳಲಿಲ್ಲ.

"ನಾನು ಹೇಳಿದ್ದನ್ನ ಬರ್ಕೊಂಡ್ರಾ?"

"ಬರ್ಕೊಂಡ್ರು ಅಮ್ಮ."

"ವರ್ಷ ಸರಿಯಾಗಿ ಹೇಳ್ದೆ ತಾನೇ?"

"ಹೇಳ್ದೆ."

"ಹಾಂ. ಪುಸ್ತಕ ಅಲ್ಲೇ ಬಿಟ್ಟು ಬರಬೇಡ ಮತ್ತೆ."